ತೊಟ್ಟಿಗೆ ತಂದ ಹೆಪ್ಪು

ತೊಟ್ಟಿಯ ಉಸಿರು ಸಣ್ಣಬೀರಯ್ಯನಿಗೆ ನಿದ್ದೆಯಲ್ಲೂ ಕೇಳುತ್ತಿತ್ತು. ಹನಗೋಡಿನ ಕೆಳಗಿನ ಅವನ ಪುಟ್ಟ ಊರಿನ ಎಂಬತ್ತು ಮನೆಗಳ ಬಚ್ಚಲು, ಪಾಯಿಖಾನೆಯ ನೀರೆಲ್ಲ ಆ ತೊಟ್ಟಿಗೆ ಬಂದು, ಗಾಳಿಯ ಗುಳ್ಳೆಗಳ ನಡುವೆ ಸುತ್ತಾಡಿ, ಕೆಸರನ್ನು ತಳಕ್ಕಿಳಿಸಿ, ಜೊಂಡಿನ ಪಾತಿಗಳನ್ನು ದಾಟಿ, ತೂಬಿನಿಂದ ಲಕ್ಷ್ಮಣತೀರ್ಥ ಹೊಳೆಗೆ ಇಳಿಯುತ್ತಿತ್ತು. ಕೊಳೆ ತಿನ್ನುವುದು ಕಣ್ಣಿಗೆ ಕಾಣದ ಹುಳುಗಳು. ಅವನ್ನು ಸಾಕುವುದು ಬೀರಯ್ಯನ ಕೆಲಸ.

ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಬಂದು ನೋಡಿದರೆ, ತೊಟ್ಟಿಯಲ್ಲಿ ದಿನಾ ಇರುವ ಹಸಿ ಮಣ್ಣಿನ ವಾಸನೆ ಇರಲಿಲ್ಲ. ಕಂದು ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಗುಳ್ಳೆಗಳೇನೋ ಏಳುತ್ತಿದ್ದವು, ಒಳಗೆ ಯಾರೂ ಇರಲಿಲ್ಲ. ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು.

ಮೊದಲು ತೂಬು ಮುಚ್ಚಿದ. ಆಮೇಲೆ ಸುನಂದಮ್ಮನ ಅಂಗಳಕ್ಕೆ ಹೋದ. ಪ್ರತಿ ವರ್ಷ ಗೌರಿಯ ದಿನ ಊರ ಹೆಂಗಸರನ್ನು ಕರೆದುಕೊಂಡು, ತೂಬಿನ ಕೆಳಗಿನ ಹೊಳೆ ಮೆಟ್ಟಿಲಲ್ಲಿ ಗಂಗೆ ಪೂಜೆ ಮಾಡಿಸಿ ಕಳಶ ತುಂಬುವವಳು ಆಕೆ.

"ಸುನಂದಕ್ಕ, ಬಚ್ಚಲಿಗೆ ಏನು ಉಯ್ದೆ?"

"ಗೌರಿ ಅಬ್ಬ ಅಲ್ವೇನ್ಲಾ? ಗಂಗವ್ವ ಬರೋ ಮನೆ ಚೊಕ್ಕಟವಾಗಿರ್ಲಿ ಅಂತ ಎಲ್ಲರ್ಗೂ ಪೌಡರ್ ಅಂಚ್ದೆ. ಫಳಫಳ ಅಂತೈತೆ, ಬಂದು ನೋಡು."

"ನನ್ನ ಉಳಾನೆಲ್ಲ ಸಾಯಿಸ್ಬುಟ್ಟೆ ಕಣಕ್ಕ."

"ಉಳ ಸತ್ರೆ ಒಳ್ಳೇದೇ ಬುಡು!" ಆಕೆ ನಕ್ಕಳು.

"ಕುದಿಯೋ ಆಲಿಗೆ ಎಪ್ಪು ಆಕುದ್ರೆ ಮೊಸರಾದದಾ? ಅಂಗೇ ಆಗೋಯ್ತು. ಎಪ್ಪೇ ಸತ್ತೋಯ್ತು. ಈಗ ತೂಬು ತೆಗುದ್ರೆ ಊರ ಕೊಳೆಯೆಲ್ಲ ನೀನು ಕಳಶ ತುಂಬೋ ಮೆಟ್ಲಿಗೇ ಬತ್ತದೆ."

ನಗು ನಿಂತಿತು. ಸುನಂದಮ್ಮ ತೊಳೆದು ಬೆಳ್ಳಗಾಗಿದ್ದ ತನ್ನ ಬಚ್ಚಲ ಕಡೆ ತಿರುಗಿ ನೋಡಿದಳು.

"ಎಪ್ಪಿಲ್ದೆ ಇದ್ರೆ ಪಕ್ಕದ ಮನೇಲಿ ಇಸ್ಕೊಬೇಕು" ಅಂದಳು. "ನಡಿ, ನಾನೂ ಬತ್ತೀನಿ."

ಪಕ್ಕದ ಮನೆ ಅಂದರೆ ಹೊಳೆಯಾಚೆ ಊರಿನ ಕೊಳೆನೀರಿನ ಘಟಕ. ಪೌಡರಿನ ಘಾಟು ಗುಳ್ಳೆಗಳ ಜೊತೆ ಹಾರಿಹೋಗಲಿ ಎಂದು ಇಡೀ ದಿನ ಕಾದು, ಕ್ಯಾನುಗಳನ್ನು ಆಟೋದಲ್ಲಿ ಹೇರಿಕೊಂಡು ಅವರು ಸೇತುವೆ ದಾಟುವಾಗ ಸಂಜೆಯಾಗಿತ್ತು. ಅಲ್ಲಿಯ ತೊಟ್ಟಿ ನೋಡಿಕೊಳ್ಳುವ ದೊಡ್ಡಮಾದಯ್ಯ ಆಗ ತಾನೇ ಪಂಪ್ ಮನೆಯ ದೇವರಿಗೆ ದೀಪ ಹಚ್ಚಿದ್ದ.

"ದೀಪ ಹಚ್ಚಿದ ಮ್ಯಾಲೆ ಎಪ್ಪು ಕೊಡ್ತಾರೇನ್ಲಾ ಬೀರ? ನನ್ನ ತೊಟ್ಟಿ ಲಕ್ಷ್ಮಿ ನಿನ್ನ ಇಂದೇನೇ ಒಂಟೋದ್ರೆ?" ತಮಾಷೆಗೇ ಅಂದ. ಆದರೆ ಕದಲಲಿಲ್ಲ.

ಸುನಂದಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಅಚ್ಚು ಬೆಲ್ಲವನ್ನು ಕಟ್ಟೆಯ ಮೇಲಿಟ್ಟಳು. "ಬರೀ ಕೈಲಿ ಇಸ್ಕೊಳಾಕಿಲ್ಲ ಕಣಣ್ಣ."

ದೊಡ್ಡಮಾದಯ್ಯ ಎದ್ದ. ಜೀವಂತ ಹುಳುಗಳಿದ್ದ ಕಂದು ಕೆಸರು ಗಳಗಳ ಕ್ಯಾನು ತುಂಬಿತು. ರಾತ್ರಿಯೇ ಅದನ್ನು ತಂದು ತಮ್ಮ ತೊಟ್ಟಿಗೆ ಸುರಿದರು.

ಆಮೇಲಿನ ಮೂರು ದಿನ ಊರು ತೆಂಗಿನ ಬುಡದಲ್ಲಿ ಮಿಂದಿತು. ತೊಟ್ಟಿಗೆ ಹೆಚ್ಚು ನೀರು ಹೋಗಬಾರದೆಂದು ಸುನಂದಮ್ಮ ಮನೆಮನೆಗೂ ಹೋಗಿ ಗದರಿದ್ದಳು. ಬೀರಯ್ಯ ತೊಟ್ಟಿಯ ಪಕ್ಕದಲ್ಲೇ ಮಲಗಿದ. ಕನಸೋ ನಿಜವೋ, ನೀರಿನೊಳಗೆ ಯಾರೋ ಮೆಲ್ಲಗೆ ಮನೆ ಮಾಡಿಕೊಳ್ಳುತ್ತಿದ್ದರು.

ಗೌರಿಯ ಬೆಳಿಗ್ಗೆ ಹೊಳೆಯ ಮೇಲೆ ಮಂಜು. ಮೆಟ್ಟಿಲ ತುಂಬ ಅರಿಸಿನದ ಕೈಗಳು. ಸುನಂದಮ್ಮ ಖಾಲಿ ಕಳಶ ಹಿಡಿದು ಮೇಲೆ ತೂಬಿನ ಕಡೆ ತಲೆಯೆತ್ತಿದಳು.

ಬೀರಯ್ಯ ಜೊಂಡಿನ ಕೊನೆಯ ಪಾತಿಯಿಂದ ಗಾಜಿನ ಬಾಟ್ಲಿಗೆ ನೀರು ತುಂಬಿ ಬೆಳಕಿಗೆ ಹಿಡಿದ. ಬಾಟ್ಲಿಯಾಚೆ ಒಂದು ಬೆಳ್ಳಕ್ಕಿ ನಿಂತಿದ್ದು ಕಂಡಿತು. ಮೂಸಿದ. ಹಸಿ ಮಣ್ಣು. ತೂಬನ್ನು ಒಂದು ಬೆರಳಷ್ಟು ಎತ್ತಿದ. ನೀರು ಸದ್ದಿಲ್ಲದೆ ಇಳಿಯಿತು. ಸ್ವಲ್ಪ ಹೊತ್ತಿಗೆ, ಬೀಳುವ ನೀರಿಗೆ ಮುಖ ಕೊಟ್ಟು ಸಣ್ಣ ಮೀನುಗಳು ಬಂದು ನಿಂತವು.

"ಬೀರಯ್ಯ, ತುಂಬ್ಲಾ?"

"ತುಂಬಕ್ಕ."

ಕಳಶ ಮುಳುಗಿಸುವ ಮೊದಲು ಆಕೆ ಸೆರಗಿನ ಗಂಟು ಬಿಚ್ಚಿ, ಒಂದು ಚೂರು ಬೆಲ್ಲವನ್ನು ಹೊಳೆಗೆ ಹಾಕಿದಳು.