ನೇರಳೆ ಮರ ಹತ್ತಿದ ಗೇಟು

"ಈ ಮನೆಗೊಂದು ಗೇಟು ಇತ್ತಲ್ಲ, ಎಲ್ಲಿ ಹೋಯ್ತು?"

ಗಾಡಿಯಿಂದಿಳಿದ ಉಡ ಈ ಮಾತನ್ನು ಯಾರನ್ನೂ ಕೇಳಲಿಲ್ಲ, ಎರಡು ಬೋಳು ಕಂಬಗಳ ನಡುವಿನ ಗಾಳಿಯನ್ನು ಕೇಳಿದ. ಎಂಥ ಮರಕ್ಕಾದರೂ ಅಂಟಿಕೊಂಡು ಹತ್ತುತ್ತಾನೆಂದು ಅವನಿಗೆ ಆ ಹೆಸರು. ಅವನ ಜೊತೆ ಮರಗಳ ಕೊಂಬೆ ಸವರಿ, ಕಾಯಿಲೆ ನೋಡಿ, ಬೀಳುವಂಥದ್ದನ್ನು ಇಳಿಸುವ ಕೆಲಸ ಮಾಡುವವಳನ್ನು ಮನೆಯವರೆಲ್ಲ ಚಿಕ್ಕವಳು ಅನ್ನುತ್ತಿದ್ದರು. ಮರದ ಕೆಲಸದವರು ಎಲ್ಲಿಗೆ ಹೋದರೂ ಮೊದಲು ಮೇಲೆ ನೋಡುತ್ತಾರೆ. ಚಿಕ್ಕವಳೂ ನೋಡಿದಳು. ಗೇಟು ಅಲ್ಲಿತ್ತು.

ಅಂಗಳದ ನೇರಳೆ ಮರದಲ್ಲಿ, ಅತ್ತ ಆಕಾಶಕ್ಕೂ ಸೇರದೆ ಇತ್ತ ನೆಲಕ್ಕೂ ಸೇರದೆ, ಕಬ್ಬಿಣದ ಗೇಟು ಹಗ್ಗದಲ್ಲಿ ನೇತಾಡುತ್ತ ನಿಧಾನವಾಗಿ ಸುತ್ತುತ್ತಿತ್ತು. ಕಾಗದ ಹಾಕುವ ಡಬ್ಬ ಕೂಡ ಅದರ ಜೊತೆಗೇ ಹೋಗಿತ್ತು. ನೇರ ಕೆಳಗೆ ಚಿಕ್ಕವಳ ಭಾವನ ಹೊಸ ಬಿಳಿ ಕಾರು. ಕಾರಿನ ನೆತ್ತಿಯ ಮೇಲೆ ನೆಂಟರಿಗೆ ಹಾಸುವ ಹಾಸಿಗೆ, ಅದರ ಮೇಲೆ ಎರಡು ದಿಂಬು. ಪಕ್ಕದಲ್ಲಿ ಸ್ಕೂಟರಿನ ಹೆಲ್ಮೆಟ್ಟು, ಬಚ್ಚಲಿನ ಚಪ್ಪಲಿ ಹಾಕಿಕೊಂಡ ಭಾವ, ಬಿದ್ದರೆ ಹಿಡಿಯುತ್ತೇನೆ ಅನ್ನುವವರ ಹಾಗೆ ಎರಡೂ ಕೈ ಮೇಲೆತ್ತಿ ನಿಂತಿದ್ದರು.

"ಬಂದ್ಯಾಮ್ಮ? ನಿಮ್ಮಕ್ಕ ಬರೋಷ್ಟರಲ್ಲಿ ಇಳಿಸಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

"ಕೈ ಇಳಿಸಿ ಭಾವ, ಮೊದಲು."

ಭಾವನದು ಕನ್ನಡಕದ ಅಂಗಡಿ. ಎಳ್ಳಿನಷ್ಟು ಸಣ್ಣ ಸ್ಕ್ರೂವನ್ನು ಉಸಿರು ಬಿಗಿಹಿಡಿದು ಕೂರಿಸುವ ಕೈ ಅವರದು. ಅದೇ ಕೈಗೆ ಗರಗಸ ಸಿಕ್ಕಿದ್ದು ಹೇಗೆಂದರೆ, ಕಾರು ಬಂದ ದಿನದಿಂದ ನೇರಳೆ ಹಣ್ಣು ಅದರ ಮೇಲೆ ಉದುರುತ್ತಿತ್ತು. ಹಣ್ಣು ತಿಂದ ಹಕ್ಕಿಗಳು ಉಳಿದ ಕೆಲಸ ಮಾಡುತ್ತಿದ್ದವು. ಬಿಳಿ ಕಾರಿಗೆ ಯಾರೋ ಶಾಯಿ ಎರಚಿದ ಹಾಗಾಗುತ್ತಿತ್ತು. ಹಣ್ಣು ಉದುರಿಸುವ ಆ ಕೊಂಬೆ ತೆಗೆದುಬಿಡು ಎಂದು ಭಾವ ಗೋಗರೆದಾಗ ಚಿಕ್ಕವಳು ಬಂದು, ಮರ ಹತ್ತಿ, ಮರದ ಸುತ್ತಿಗೆಯಿಂದ ಬುಡದಿಂದ ಕವಲಿನವರೆಗೆ ತಟ್ಟಿ, ಒಳಗೆ ಟೊಳ್ಳಿದೆಯೇ ಎಂದು ಕಿವಿಯಿಟ್ಟು ಕೇಳಿದ್ದಳು. ಮರ ಕಲ್ಲಿನಂತಿದೆ, ಕಾರನ್ನು ಆ ಕಡೆ ನಿಲ್ಲಿಸಿ ಅಂದಿದ್ದಳು. ಅಕ್ಕ ಅಷ್ಟಕ್ಕೇ ಮಾತು ಮುಗಿಸಿಬಿಟ್ಟಿದ್ದಳು. ಮರದ ವಿಷಯದಲ್ಲಿ ತಂಗಿಯ ಮಾತೇ ಅಕ್ಕನಿಗೆ ಕಡೇ ಮಾತು. ಹೆಣ್ಣುಹುಡುಗಿ ಹಗ್ಗ ಕಟ್ಟಿಕೊಂಡು ಮರ ಹತ್ತುತ್ತಾಳಂತೆ ಎಂದು ಮನೆಮಂದಿಯೆಲ್ಲ ಮೂಗು ಮುರಿದಾಗ, ಅವಳು ಹೇಳಿದ ಮೇಲೆ ಮುಗಿಯಿತು ಎಂದು ಎದ್ದು ನಿಂತವಳು ಅಕ್ಕ ಒಬ್ಬಳೇ.

ಈ ದಿನ ಅಕ್ಕ ಹೊಲಿಗೆಯ ಸಾಮಾನಿಗೆಂದು ಪೇಟೆಗೆ ಹೋಗಿದ್ದಳು. ಭಾವ ಏಣಿ ಹಾಕಿದ್ದರು.

ನಡೆದದ್ದನ್ನು ಅವರು ಯುದ್ಧದ ಕಥೆ ಹೇಳುವವರಂತೆ, ಏರಿಸಿ ಇಳಿಸಿ, ಎರಡೂ ಪಕ್ಷದ ಶೌರ್ಯವನ್ನು ಹೊಗಳಿ ಹೇಳಿದರು. ಚಿಕ್ಕವಳು ಹಿಂದೆ ಎದುರುಮನೆಯ ಕೊಂಬೆ ಇಳಿಸಿದ್ದನ್ನು ಕಿಟಕಿಯಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದರಂತೆ. ಹಗ್ಗವನ್ನು ಮೇಲಿನ ಗಟ್ಟಿ ಕವಲಿನ ಮೇಲೆ ಹಾಯಿಸುವುದು, ಒಂದು ತುದಿಯನ್ನು ಕಡಿಯುವ ಕೊಂಬೆಗೆ ಕಟ್ಟುವುದು, ಎಲ್ಲ ಸರಿಯಾಗಿಯೇ ಮಾಡಿದ್ದರು. ಇನ್ನೊಂದು ತುದಿಯನ್ನು ಬುಡಕ್ಕೆ ಸುತ್ತು ಹಾಕಿ ಒಬ್ಬರು ಸ್ವಲ್ಪಸ್ವಲ್ಪವೇ ಬಿಡಬೇಕು. ಆ ಒಬ್ಬರು, ಅಂದರೆ ಉಡ, ಕಿಟಕಿಯಿಂದ ಕಾಣುತ್ತಿರಲಿಲ್ಲ. ಹಾಗಾಗಿ ಭಾವ ಹಗ್ಗದ ತುದಿಯನ್ನು ಮನೆಯಲ್ಲಿ ಎಲ್ಲಕ್ಕಿಂತ ಭಾರವಾದ ಗೇಟಿಗೆ ಕಟ್ಟಿದ್ದರು. ಆ ಗೇಟೋ, ಕಂಬದ ಮೊಳೆಗಳ ಮೇಲೆ ಸುಮ್ಮನೆ ಕೂತಿದ್ದು, ಎತ್ತಿದರೆ ಬರುವಂಥದ್ದು. ಸಾಲದ್ದಕ್ಕೆ, ಕಿರ್ ಅನ್ನುತ್ತದೆಂದು ಬೆಳಿಗ್ಗೆಯೇ ಅದಕ್ಕೆ ಎಣ್ಣೆ ಬಿಟ್ಟಿದ್ದರು. ಕೊಂಬೆ ಕೆಳಗೆ ಬಂತು, ಗೇಟು ಮೇಲೆ ಹೋಯಿತು. ದಾರಿಯಲ್ಲಿ ಎರಡೂ ಎದುರಾದವಂತೆ.

ಕಾರನ್ನು ಮೊದಲೇ ಬೀದಿಗೆ ತೆಗೆಯಬಹುದಿತ್ತಲ್ಲ ಎಂದು ಚಿಕ್ಕವಳು ಕೇಳಿದಳು. ಅಷ್ಟೊತ್ತಿಗೆ ಗೇಟು ಕಟ್ಟಿಯಾಗಿತ್ತಲ್ಲ, ತೆಗೆಯುವುದು ಹೇಗೆ ಎಂದರು ಭಾವ.

ಈಗ ಕೊಂಬೆ ಕಾರಿಗೆ ತಾಗದೆ ಅದರ ದಾರಿಗೆ ಅಡ್ಡ ಬಿದ್ದಿತ್ತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ತಲೆ ಹಾಕಿ, ತುಂಡುತುಂಡು ಮಾಡಿ ಎಳೆದು ಹಾಕಿ ಎಂದು ಬುದ್ಧಿ ಹೇಳಿದ್ದರು. ಭಾವ ಒಂದು ತುಂಡು ಕತ್ತರಿಸಿದರು. ಗೇಟು ಒಂದು ಗೇಣು ಇಳಿಯಿತು. ಇನ್ನೊಂದು ಕತ್ತರಿಸಿದರು, ಇನ್ನೊಂದು ಗೇಣು. ಮೂರನೆಯದಕ್ಕೆ ಗರಗಸ ಇಟ್ಟಾಗ ಮೇಲಿನಿಂದ ಡಬ್ಬದ ಮುಚ್ಚಳ ಟಪ್ಪೆಂದು ತೆರೆದುಕೊಂಡು, ಆ ದಿನದ ಕಾಗದಗಳು ತಲೆಯ ಮೇಲೆ ಸುರಿದವು. ಪಕ್ಕದ ಮನೆಯವರ ತಲೆ ಗೋಡೆಯ ಹಿಂದೆ ಮಾಯವಾಯಿತು. ಆಮೇಲೆಯೇ ಹಾಸಿಗೆ ಬಂದದ್ದು.

ಉಡ ನಗಲಿಲ್ಲ. ಇಂಥ ಮನೆಗಳಲ್ಲಿ ನಗಬಾರದೆಂಬುದು ಅವರ ಕಸುಬಿನ ನೇಮ. ಗಾಡಿ ಮುಂದಿನ ತಿರುವು ದಾಟಿದ ಮೇಲೆ ನಗಬೇಕು. ಕಡಿಯಬೇಕಾದ ಕೊಂಬೆಗೇ ಏಣಿಯನ್ನು ಬಿಗಿದು ಕಟ್ಟಿದ್ದವರ ಮನೆಯಲ್ಲೂ ಅವನು ನಕ್ಕಿರಲಿಲ್ಲ. ಬೇಲಿಗಿಡವನ್ನು ಸಮ ಮಾಡುತ್ತೇನೆಂದು ಅತ್ತ ಇಷ್ಟು ಇತ್ತ ಇಷ್ಟು ಕತ್ತರಿಸಿ, ಕೊನೆಗೆ ಬುಡದ ಕಡ್ಡಿಗಳನ್ನಷ್ಟೇ ಉಳಿಸಿಕೊಂಡು, ಇದು ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದ ಮೇಷ್ಟರ ಮುಂದೆಯೂ ನಕ್ಕಿರಲಿಲ್ಲ. ಈಗ ಮಾತ್ರ ಕೆಮ್ಮು ಬಂದವನಂತೆ ಗಾಡಿಯ ಹಿಂದಕ್ಕೆ ಹೋಗಿ, ಹಗ್ಗ ಹುಡುಕಲು ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡ.

ಚಿಕ್ಕವಳು ಮರ ಹತ್ತಿದಳು. ಗೇಟಿಗೆ ಇನ್ನೊಂದು ಹಗ್ಗ ಬಿಗಿದು ಕವಲಿನ ಮೇಲೆ ಹಾಯಿಸಿ ಕೆಳಕ್ಕೆ ಬಿಟ್ಟಳು. ಉಡ ಅದನ್ನು ಬುಡಕ್ಕೆ ಸುತ್ತು ಹಾಕಿ ಹಿಡಿದುಕೊಂಡ. ಭಾರ ತನ್ನ ಕೈಗೆ ಬಂದಿದೆ ಎಂದು ಅವನು ತಲೆಯಾಡಿಸಿದ ಮೇಲೆ ಅವಳು ಇಳಿದು, ಕೊಂಬೆ ಕತ್ತರಿಸಿ ದಾರಿ ಬಿಡಿಸಿದಳು. ಹಾಸಿಗೆ ದಿಂಬುಗಳ ಸಮೇತ ಕಾರು ಬೀದಿಗೆ ಹೋಯಿತು. ಆಮೇಲೆ ಗೇಟು, ಮೆರವಣಿಗೆ ಮುಗಿಸಿ ಬಂದವರ ಗತ್ತಿನಲ್ಲಿ, ನಿಧಾನವಾಗಿ ನೆಲಕ್ಕಿಳಿಯಿತು.

ಭಾವನಿಗೆ ಹೋದ ಜೀವ ಬಂದಂತಾಯಿತು. ಚಿಕ್ಕವಳಿಗೆ ಹಾಗಾಗಲಿಲ್ಲ. ಕೊಂಬೆಯ ಕೆಳಮೈಗೆ ಮೊದಲೊಂದು ಗೀರು ಹಾಕಿಕೊಳ್ಳದೆ ಮೇಲಿನಿಂದ ಒಂದೇ ಸಮ ಕೊಯ್ದಿದ್ದರಿಂದ, ಅದು ಬೀಳುವಾಗ ಮರದ ಮೈಯ ತೊಗಟೆಯನ್ನು ಮೊಳದುದ್ದ ಸುಲಿದುಕೊಂಡು ಬಿದ್ದಿತ್ತು. ಅವಳು ಮತ್ತೆ ಹತ್ತಿ, ಚಾಕುವಿನಿಂದ ಹರಿದ ಅಂಚನ್ನು ನುಣುಪು ಮಾಡಿದಳು. ಒಳಗಿನ ಮರ ಆಗತಾನೆ ಒಡೆದ ತೆಂಗಿನಕಾಯಿಯ ಹಾಗಿತ್ತು. ಹುಳುಕಿನ ಸುಳಿವು ಎಳ್ಳಷ್ಟೂ ಇರಲಿಲ್ಲ. ಮರ ಈ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ, ಇನ್ನು ಯಾರೂ ಕೈ ಹಚ್ಚದಿದ್ದರೆ.

ಅವಳು ಇಳಿದದ್ದೂ ಅಕ್ಕ ಬಂದದ್ದೂ ಒಟ್ಟಿಗೇ ಆಯಿತು. ಅಕ್ಕ ಬೀದಿಯಲ್ಲಿ ಹಾಸಿಗೆ ಹೊತ್ತ ಕಾರನ್ನು ನೋಡಿದಳು, ಕಂಬಕ್ಕೊರಗಿದ ಗೇಟನ್ನು ನೋಡಿದಳು, ಗಂಡನ ಹೆಲ್ಮೆಟ್ಟು ನೋಡಿದಳು, ಕೊನೆಗೆ ಮರ ನೋಡಿದಳು. ಕೈಚೀಲ ಕೆಳಗಿಟ್ಟಳು.

ಭಾವ ಶುರುಮಾಡಿದರು. ಕೊಂಬೆ ಹುಳುಕಾಗಿತ್ತಂತೆ. ಒಳಗೆಲ್ಲ ಪುಡಿಪುಡಿಯಂತೆ. ತಾವು ಸುಮ್ಮನೆ ಹೋಗಿ ಕೈ ಇಟ್ಟಿದ್ದೇ ತಡ, ಅದೇ ಬಿತ್ತಂತೆ. ಚಿಕ್ಕವಳೂ ಬಂದು ನೋಡಿ ಹಾಗೇ ಅಂದಳಂತೆ. ಉಡ ಹಗ್ಗ ಸುತ್ತುತ್ತಿದ್ದವನು ನಿಲ್ಲಿಸಿದ.

ಅಕ್ಕ ಬೈಯಲಿಲ್ಲ. ಅವಳ ಮುಖ ಇಳಿಯಿತು.

"ಹುಳುಕು ಹಿಡಿದಿದ್ರೆ ಬುಡಸಮೇತ ತೆಗೆಸಿಬಿಡೋಣ," ಅಂದಳು ಮೆಲ್ಲಗೆ. "ನಾನಿದನ್ನ ಮಗು ಥರ ಬೆಳೆಸಿದ್ದು. ಆದ್ರೆ ಮಕ್ಕಳು ಇದರಡಿಯಲ್ಲೇ ಆಡ್ತಾರೆ. ಅವಳೇ ಹೇಳಿದ್ಮೇಲೆ ಇನ್ನೇನಿದೆ."

ಬುಡಸಮೇತ ಎಂಬ ಮಾತು ಕೇಳಿ ಭಾವನ ಮುಖ ಇಷ್ಟಗಲವಾಯಿತು. ಹಣ್ಣಿಲ್ಲ, ಹಕ್ಕಿಯಿಲ್ಲ, ಬಿಳಿ ಕಾರು ಬಿಳಿಯಾಗಿಯೇ ಉಳಿಯುವ ಕಾಲ ಅವರ ಕಣ್ಣೆದುರು ಬಂದು ನಿಂತಿತು. ಅವರು ಚಿಕ್ಕವಳ ಪಕ್ಕಕ್ಕೆ ಸರಿದು, ಅಕ್ಕನಿಗೆ ಬೆನ್ನು ಮಾಡಿ, ಎದೆಯ ಹತ್ತಿರ ಎರಡೂ ಕೈ ಜೋಡಿಸಿದರು.

ಚಿಕ್ಕವಳು ಹೂಂ ಅಂದರೆ ಸಾಕಿತ್ತು. ಅಕ್ಕ ನಂಬುತ್ತಿದ್ದಳು; ಸುತ್ತಿಗೆ ತಾ, ತಟ್ಟಿ ತೋರಿಸು ಎಂದು ಕೂಡ ಕೇಳುತ್ತಿರಲಿಲ್ಲ. ಅದಕ್ಕೇ ಚಿಕ್ಕವಳು ಭಾವನ ಜೋಡಿಸಿದ ಕೈಗಳಿಂದ ಕಣ್ಣು ತೆಗೆದು ಅಕ್ಕನ ಕಡೆ ತಿರುಗಿದಳು.

"ಹುಳುಕಾಗಿತ್ತು ಅಂತ ನೀನೂ ಒಂದು ಮಾತು ಹೇಳಮ್ಮ," ಎಂದರು ಭಾವ, ದೊಡ್ಡ ದನಿಯಲ್ಲಿ.

"ಇಲ್ಲ ಭಾವ," ಅಂದಳು ಚಿಕ್ಕವಳು, ಅಕ್ಕನನ್ನು ನೋಡುತ್ತ. "ನಾನು ಹೇಳಲ್ಲ."