ಹರಿಪ್ರಿಯಾ ಹೇಳಿದ ಹೆಸರು

"ಮೇಡಂ, ನೀವು ಅವತ್ತು ಏಳಿದ್ದನ್ನ ವಾಪಸ್ ತಗಳಕ್ಕಾಯ್ತದಾ?"

ಫೋನಿನಲ್ಲಿ ಹಾಗೆ ಕೇಳಿದವಳು ಮುಡುಕುತೊರೆಯ ರಾಣಿ. ಯಾರು, ಏನು ಎಂದು ಹರಿಪ್ರಿಯಾಗೆ ಗೊತ್ತಾಗಲಿಲ್ಲ. "ಗುರುಸಿದ್ದಮ್ಮೋರ ಸೊಸೆ" ಎಂದಾಗ ಹೊಳೆಯಿತು.

ಹರಿಪ್ರಿಯಾ ನಂಜನಗೂಡಿನ ಪಿಯು ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ಅವಳದೊಂದು ಯೂಟ್ಯೂಬ್ ಚಾನೆಲ್ ಇತ್ತು. ವರ್ಷಕ್ಕೊಮ್ಮೆ ಚಿತ್ರಕಲಶ ಪ್ರಶಸ್ತಿ ಹತ್ತಿರ ಬಂದಾಗ ಯಾರಿಗೆ ಯಾವ ಪ್ರಶಸ್ತಿ ಎಂದು ಮುಂಚೆಯೇ ಹೇಳುತ್ತಿದ್ದಳು. ಕಣಕ್ಕಿಳಿದ ಸಿನಿಮಾಗಳನ್ನೆಲ್ಲ ನೋಡಿ, ತೀರ್ಪುಗಾರರು ಯಾರು, ಅವರಿಗೆ ಎಂಥದ್ದು ಹಿಡಿಸುತ್ತದೆ ಎಂದು ಯೋಚಿಸಿ ಹೇಳುವುದರಿಂದ ಅವಳ ಮಾತು ಸುಳ್ಳಾದದ್ದು ಕಡಿಮೆ. ಈ ಸಲ ಪೋಷಕ ನಟಿಯ ಸರದಿ ಬಂದಾಗ ಒಂದಿಷ್ಟೂ ತಡವರಿಸದೆ ಹೇಳಿದ್ದಳು: "ಗುರುಸಿದ್ದಮ್ಮ. ಬರೆದಿಟ್ಟುಕೊಳ್ಳಿ."

ಗುರುಸಿದ್ದಮ್ಮ ನಟಿಯೇ ಅಲ್ಲ. ಗದ್ದೆ ಕೆಲಸದ ಹೆಂಗಸು. ತಿರುಮಕೂಡಲು ನರಸೀಪುರದ ಸಮೀರ ಎಂಬ ಹುಡುಗ ತನ್ನ ಮೊದಲ ಸಿನಿಮಾವನ್ನು ಮುಡುಕುತೊರೆಯಲ್ಲಿ ತೆಗೆದಾಗ ತಾಯಿಯ ಪಾತ್ರಕ್ಕೆ ಅವಳನ್ನು ಕೂರಿಸಿದ್ದ. ಮುನಿಸಿಕೊಂಡು ಹೋದ ಮಗ ಬಾಗಿಲಿಗೆ ಬಂದು ನಿಂತಾಗ ಅವಳು ಮಾತಾಡದೆ ಅವರೆಕಾಯಿ ಸುಲಿಯುತ್ತಲೇ ಇರುವ ದೃಶ್ಯಕ್ಕಾಗಿಯೇ ಹರಿಪ್ರಿಯಾ ಆ ಸಿನಿಮಾವನ್ನು ಎರಡು ಸಲ ನೋಡಿದ್ದಳು.

"ಯಾಕೆ ರಾಣಿ, ಏನಾಯ್ತು? ಅದು ಬರೀ ನನ್ನ ಅಂದಾಜು ಕಣಮ್ಮ."

"ಇಲ್ಲಿ ಯಾರೂ ಅಂಗನ್ಕಂಡಿಲ್ಲ ಮೇಡಂ. ಬಂದೇಬುಡ್ತು ಅಂತವ್ರೆ. ನಮ್ಮತ್ತೆ ಯಾರ ಜೊತೇಲೂ ಸರಿಯಾಗಿ ಮಾತಾಡ್ತಿಲ್ಲ. ನಿಮ್ಮ ನಂಬರು ಸಮೀರಣ್ಣ ಕೊಟ್ರು. ಭಾನುವಾರ ಟಿವೀಲಿ ಬರೋವಾಗ ನೀವೇ ಬಂದು ಕೂತ್ಕಬೇಕಂತೆ. ಅತ್ತೆ ಏಳವ್ರೆ."

ಹೇಳಿದ್ದನ್ನು ವಾಪಸ್ ಪಡೆಯುವುದು ಹರಿಪ್ರಿಯಾ ಕೈಲಿರಲಿಲ್ಲ. ಹೋಗಿ ಕೂರುವುದಂತೂ ಆಗುತ್ತಿತ್ತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಸ್ಸು ಹತ್ತಿದಳು. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೋಡಿದರೆ ಎದುರಿಗೇ ದೊಡ್ಡ ಫ್ಲೆಕ್ಸು. ಗುರುಸಿದ್ದಮ್ಮನ ಮುಖ, ಅದರ ಕೆಳಗೆ 'ಪ್ರಶಸ್ತಿ ವಿಜೇತೆ, ನಮ್ಮ ತಾಲ್ಲೂಕಿನ ಹೆಮ್ಮೆ'. ತಾನು ಕೋಣೆಯಲ್ಲಿ ಕೂತು ಆಡಿದ ಒಂದು ಮಾತು ಇಷ್ಟು ದೂರ ಬಂದಿರುತ್ತದೆ ಎಂದು ಹರಿಪ್ರಿಯಾ ಎಣಿಸಿರಲಿಲ್ಲ.

ಇನ್ನೊಂದು ಬಸ್ಸು ಹಿಡಿದು ಮುಡುಕುತೊರೆ ಸೇರಿದಾಗ ಗುರುಸಿದ್ದಮ್ಮ ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದಳು. ಸಿನಿಮಾದಲ್ಲಿ ಕಂಡದ್ದಕ್ಕಿಂತ ಸಣ್ಣ ಆಳು.

"ಬನ್ನಿ ಮೇಡಮ್ಮೋರೆ, ಕೂತ್ಕಳಿ. ನಿಮ್ಮನ್ನ ಬೈಯಾಕೆ ಕರ್ಸಿಲ್ಲ. ಒಬ್ಳೇ ಕೂತು ನೋಡಾಕೆ ಭಯ ಆಯ್ತದೆ, ಅದ್ಕೆ."

"ಸಮಾರಂಭಕ್ಕೆ ಸಮೀರ ಬೆಂಗಳೂರಿಗೆ ಕರೀಲಿಲ್ವಾ?"

"ಕರುದ್ರು. ನಾನೇ ಒಲ್ಲೆ ಅಂದೆ." ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಆ ಪಾತ್ರ ನಂದಲ್ಲ ಕಣವ್ವ. ಕೆಂಪಾಜಮ್ಮಂದು. ಸಮೀರಪ್ಪ ಮೊದ್ಲು ಒಪ್ಸಿದ್ದು ಅವ್ಳನ್ನ. ಶೂಟಿಂಗ್ ದಿನ ಕಾಲು ಉಳುಕ್ತು. ನೀನೇ ಓಗಿ ಕೂತ್ಕೋ ಓಗಮ್ಮಿ ಅಂತ ಅವ್ಳೇ ನನ್ನ ಕಳ್ಸುದ್ಲು."

ಕೆಂಪಾಜಮ್ಮನ ಮನೆ ಅದೇ ಬೀದಿಯ ಕೊನೆಗೆ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಇವಳ ಗದ್ದೆಗೆ ಅವಳು, ಅವಳ ಗದ್ದೆಗೆ ಇವಳು ಮುಯ್ಯಾಳಾಗಿ ದುಡಿದವರು. ಸಿನಿಮಾ ಬಂದಾಗ ಇಬ್ಬರೂ ಮೈಸೂರಿಗೆ ಹೋಗಿ ಜೊತೆಯಲ್ಲೇ ನೋಡಿ, ನಗಾಡಿಕೊಂಡು ಬಂದಿದ್ದರು. ಪ್ರಶಸ್ತಿಯ ಸುದ್ದಿ ಹಬ್ಬಿದ ಮೇಲೆ ಕೆಂಪಾಜಮ್ಮ ಈ ಕಡೆ ತಲೆ ಹಾಕಿರಲಿಲ್ಲ. ನಾಟಿಗೆ ಹೋಗುವ ಹೆಂಗಸರೂ ಈ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದರು, ಗುರುಸಿದ್ದಮ್ಮನನ್ನು ಕರೆಯುತ್ತಿರಲಿಲ್ಲ.

"ಇನ್ನೆಲ್ಲಿ ಕೆಸ್ರಿಗೆ ಇಳಿದಾಳು ಅಂದ್ರಂತೆ. ನಿಂಗೆ ಬರ್ಬೇಕಾಗಿದ್ದು ಅವ್ಳಿಗೆ ಬಂತು ಅಂತ ಕೆಂಪಾಜಿ ಕಿವೀಗೂ ಊದವ್ರೆ. ಪ್ರಶಸ್ತಿ ಅನ್ನದು ಬಂದ್ರೆ ಅವ್ಳು ಇನ್ನು ನನ್ನ ಮನೆ ಒಸ್ಲು ತುಳಿಯಾಕಿಲ್ಲ."

"ನೀವೇ ಹೋಗಿ ಮಾತಾಡಿಸಬಹುದಿತ್ತು ಅಮ್ಮ."

"ಯಾವ ಮಕ ಇಟ್ಕಂಡು ಓಗ್ಲಿ?"

ಗೆದ್ದವರ ಸಂತೋಷ, ಸೋತವರ ಬೇಸರ, ಇಷ್ಟೇ ಹರಿಪ್ರಿಯಾಗೆ ಗೊತ್ತಿದ್ದದ್ದು. ಗೆಲ್ಲುತ್ತೇನೆಂದು ಹೆದರುವವರನ್ನು ಅವಳು ನೋಡಿರಲಿಲ್ಲ.

ಸಂಜೆ ಟಿವಿಯ ಮುಂದೆ ನಡುಮನೆ ತುಂಬಿತು. ಪಂಚಾಯ್ತಿ ಮೆಂಬರ್ ಸಿದ್ದಮಲ್ಲಪ್ಪ ಹಾರ ತಂದು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕುಣಿತ, ಜಾಹೀರಾತು, ಒಂದೆರಡು ಸಣ್ಣಪುಟ್ಟ ಪ್ರಶಸ್ತಿ ಮುಗಿದು ಪೋಷಕ ನಟಿಯ ಸರದಿ ಬಂತು. ಅವರೆಕಾಯಿ ಸುಲಿಯುವ ಗುರುಸಿದ್ದಮ್ಮ ತೆರೆಯ ಮೇಲೆ ಕಾಣಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹರಿಪ್ರಿಯಾಳ ಪಕ್ಕದಲ್ಲಿ ಕೂತಿದ್ದ ಗುರುಸಿದ್ದಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಹೇಳಿದ್ದು ಸುಳ್ಳಾಗಲಿ, ನಂಜುಂಡೇಶ್ವರ, ಇದೊಂದು ಸುಳ್ಳಾಗಲಿ ಎಂದು ಹರಿಪ್ರಿಯಾ ಮನಸ್ಸಿನಲ್ಲೇ ಬೇಡಿಕೊಂಡಳು.

ನಿರೂಪಕಿ ಲಕೋಟೆ ಬಿಡಿಸಿ ಬೆಂಗಳೂರಿನ ಹಿರಿಯ ನಟಿಯೊಬ್ಬರ ಹೆಸರು ಓದಿದಳು.

ಸಿದ್ದಮಲ್ಲಪ್ಪ ಹಾರವನ್ನು ಕವರಿನೊಳಕ್ಕೆ ಸೇರಿಸಿ, "ಏನ್ ಮೇಡಂ, ನೀವು ಅಷ್ಟು ಗಟ್ಟಿಯಾಗಿ ಏಳಿದ್ರಿ" ಎಂದು ಎದ್ದ. ಒಬ್ಬೊಬ್ಬರಾಗಿ ಉಳಿದವರೂ ಹೊರಟರು.

"ಬರ್ಲಿಲ್ವಾ?" ಗುರುಸಿದ್ದಮ್ಮ ಮೆಲ್ಲಗೆ ಕೇಳಿದಳು.

"ಇಲ್ಲಮ್ಮ. ಬೇರೆಯವರಿಗೆ ಹೋಯ್ತು."

"ನಿಜವಾಗ್ಲೂ?"

"ನಿಜವಾಗ್ಲೂ."

ಗುರುಸಿದ್ದಮ್ಮ ಕೈ ಬಿಟ್ಟು ಗೋಡೆಗೆ ಒರಗಿದಳು. "ಸದ್ಯ, ಮಲ್ಲಪ್ಪ ಕಣ್ಬುಟ್ಟ" ಎಂದು ಬೆಟ್ಟದ ಮೇಲಿನ ಮಲ್ಲಪ್ಪನ ಗುಡಿಯ ದಿಕ್ಕಿಗೆ ಕೈ ಮುಗಿದಳು. ಇಷ್ಟು ದಿನ ಹಿಡಿದಿಟ್ಟದ್ದು ಒಮ್ಮೆಲೇ ಸಡಿಲವಾಗಿ ಕಣ್ಣು ತುಂಬಿ ಬಂತು. ರಾಣಿ ಸೆರಗಿನಿಂದ ಅತ್ತೆಯ ಮುಖ ಒರೆಸಿದಳು.

ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಜೋರಾಗಿ ಬೈದುಕೊಂಡು ಬರುವ ಸದ್ದು ಕೇಳಿತು. ಬಾಗಿಲಲ್ಲಿ ಎತ್ತರದ ಹೆಂಗಸೊಬ್ಬಳು ಬಂದು ನಿಂತಳು. ಅವಳೇ ಕೆಂಪಾಜಮ್ಮ ಎಂದು ಯಾರೂ ಹೇಳಬೇಕಾಗಲಿಲ್ಲ.

"ಯಾರಮ್ಮಿ ಅವ್ರು ತೀರ್ಪು ಕೊಟ್ಟೋರು? ಕಣ್ಣವೋ ಇಲ್ವೋ ಅವ್ರಿಗೆ? ಆ ಯಮ್ಮ ಅಳಾಕೆ ಅಂತ ಕಣ್ಗೆ ಅದೇನೋ ಆಕ್ಕಂಡವ್ಳೆ, ನೋಡುದ್ರೇ ಗೊತ್ತಾಯ್ತದೆ. ನೀನು ಅತ್ತೇ ಇಲ್ಲ, ಊರೆಲ್ಲ ಅತ್ತದೆ." ಅವಳ ಕಣ್ಣು ಹರಿಪ್ರಿಯಾಳ ಮೇಲೆ ಬಿತ್ತು. "ನೀವೇನಾ ಶಾಸ್ತ್ರ ಏಳಿದ್ದು?"

"ಹೌದಮ್ಮ. ತಪ್ಪಾಯ್ತು."

"ನೀವು ಏಳಿದ್ದು ಸರಿಯಾಗೇ ಅದೆ. ಕೊಡೋರು ತಪ್ಪು ಮಾಡವ್ರೆ."

ಗುರುಸಿದ್ದಮ್ಮ ಎದ್ದು ನಿಂತಿದ್ದಳು. "ನಿಂಗೆ ನನ್ನ ಮ್ಯಾಲೆ ಕ್ವಾಪ ಅಲ್ವೇನಮ್ಮಿ?"

"ಐತೆ. ಇಲ್ದೆ ಏನು? ಪಾತ್ರ ಓದ್ರೆ ಓಯ್ತು, ನಾನೇ ಕಳ್ಸಿದ್ದು. ಪ್ರಶಸ್ತಿ ಬತ್ತದಂತೆ ಅನ್ನದ್ನ ನೀನು ಬಂದು ಒಂದು ಮಾತು ಏಳ್ಲಿಲ್ಲ. ಕಂಡೋರ ಬಾಯಲ್ಲಿ ನಾನು ಕೇಳ್ಬೇಕಾಯ್ತು."

"ನಂಗೂ ಕಂಡೋರೇ ಏಳಿದ್ದು ಕಣೇ."

ಕೆಂಪಾಜಮ್ಮನಿಗೆ ನಗು ಬಂದುಬಿಟ್ಟಿತು. ಅವಳು ಒಳಗೆ ಬಂದು ನೆಲದ ಮೇಲೆ ಕೂತು ಕಾಲು ಚಾಚಿದಳು. "ಒಂದ್ ಲೋಟ ಕಾಪಿ ಕೊಡವ್ವ ರಾಣಿ. ಕೂಗಾಡಿ ಗಂಟ್ಲು ಒಣಗೋಯ್ತು."

"ಬಂದಿದ್ರೆ?" ಗುರುಸಿದ್ದಮ್ಮ ಕೇಳಿದಳು. "ಪ್ರಶಸ್ತಿ ಬಂದಿದ್ರೆ ಬತ್ತಿದ್ಯಾ ನೀನು?"

"ಬರ್ದೆ ಇರ್ತೀನಾ? ನಿಂಗ್ ಬೈದು, ಆಮ್ಯಾಕೆ ಫೋಟೋದಲ್ಲಿ ನಿನ್ನ ಪಕ್ಕ ನಿಂತ್ಕತ್ತಿದ್ದೆ."

ಈ ಸಲ ಗುರುಸಿದ್ದಮ್ಮನೂ ನಕ್ಕಳು. ಹರಿಪ್ರಿಯಾ ರಾಣಿ ಕೊಟ್ಟ ಕಾಫಿ ಲೋಟ ಹಿಡಿದು ಕೂತಿದ್ದಳು. ಅವಳ ಫೋನು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಭವಿಷ್ಯ ತಪ್ಪಿದ್ದಕ್ಕೆ ಜನ ಛೇಡಿಸುತ್ತಿದ್ದರು. ಬೇರೆ ವರ್ಷವಾಗಿದ್ದರೆ ಅವಳಿಗೆ ರಾತ್ರಿಯೆಲ್ಲ ನಿದ್ದೆ ಬರುತ್ತಿರಲಿಲ್ಲ. ಈಗ ಫೋನನ್ನು ಬ್ಯಾಗಿನೊಳಗೆ ಹಾಕಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳಿದಳು.

ಕತ್ತಲಾದ ಮೇಲೆ ಇಬ್ಬರು ಹೆಂಗಸರೂ ಅವಳನ್ನು ಕೊನೆಯ ಬಸ್ಸಿಗೆ ಹತ್ತಿಸಲು ರಸ್ತೆಯವರೆಗೆ ಬಂದರು. ದಾರಿಯುದ್ದಕ್ಕೂ ಮರುದಿನದ ನಾಟಿಯದೇ ಮಾತು. ಕೆಂಪಾಜಮ್ಮನ ಗದ್ದೆಗೆ ಮೊದಲೋ, ಹೊಳೆ ಪಕ್ಕದ ಗುರುಸಿದ್ದಮ್ಮನ ಗದ್ದೆಗೆ ಮೊದಲೋ ಎಂದು ಅವರು ವಾದಿಸುತ್ತಲೇ ಇದ್ದರು. ಬಸ್ಸು ಹೊರಟಾಗ ಕೈ ಬೀಸುವುದೂ ಅವರಿಗೆ ನೆನಪಾಗಲಿಲ್ಲ.