ಅರೆತಲೆನೋವಿಗೆ ಬರೆ

ಮಾನಸಳಿಗೆ ಅರೆತಲೆನೋವು ಶುರುವಾದ ಮೇಲೆ ಆ ಊರಿನಲ್ಲಿ ಡಾಕ್ಟರಲ್ಲದವರು ಯಾರೂ ಉಳಿಯಲಿಲ್ಲ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರಿಂದ ಹಾರೋಹಳ್ಳಿ ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರಿಗೂ ಅವಳ ಬಲಗಣ್ಣಿನ ಮೇಲೆ ಕುಟ್ಟುವ ನೋವಿನ ಮೂಲ ಗೊತ್ತಿತ್ತು. ಒಬ್ಬಳು ದೃಷ್ಟಿ ಅಂದಳು, ಒಬ್ಬಳು ಪಿತ್ತ ಅಂದಳು, ಇನ್ನೊಬ್ಬಳು ಮೊಬೈಲು ಅಂದಳು. ಗಂಡ ಬೀರೇಶ್ ಮಾತ್ರ, “ಎಲ್ಲಾ ಡ್ಯೂಟಿಗೆ ಚಕ್ಕರ್ ಹೊಡ್ಯಕ್ಕೆ ನೆಪ” ಅಂದ. ಕುರಿಮಂದೆಯನ್ನು ಬಯಲಿಗೆ ಬಿಟ್ಟು, ಹೊಂಗೆಮರದ ನೆರಳಲ್ಲಿ ದಿನಕ್ಕೆ ಎರಡು ನಿದ್ದೆ ತೆಗೆಯುವ ಮಹಾನುಭಾವ ಹೇಳಿದ ಮಾತಿದು.

ಕೊನೆಗೆ ಮಾನಸ ತಾನೇ ಕನಕಪುರಕ್ಕೆ ಹೋಗಿ ಡಾಕ್ಟರ್ ನೂರೀನ್ ಅವರಿಗೆ ತೋರಿಸಿದಳು. ಊರಿಡೀ ಉತ್ತರ ಕೊಟ್ಟಿತ್ತು. ಪ್ರಶ್ನೆ ಕೇಳಿದ್ದು ಈ ಡಾಕ್ಟರಮ್ಮ ಒಬ್ಬರೇ. ಎಷ್ಟು ಹೊತ್ತಿಗೆ ಉಣ್ತೀಯ, ಎಷ್ಟು ನೀರು ಕುಡೀತೀಯ, ನಿದ್ದೆ ಹೇಗೆ? ಮಾನಸ ಹೇಳಿದಳು: ಫ್ಯಾಕ್ಟರಿಯಲ್ಲಿ ವಾರವಾರಕ್ಕೂ ಶಿಫ್ಟು ಬದಲು, ನಿದ್ದೆಗೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ಬಾತ್‌ರೂಮಿಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ, ಅದಕ್ಕೇ ನೀರೂ ಕುಡಿಯುವುದಿಲ್ಲ. ಟೀ ಮಾತ್ರ ನಾಲ್ಕು ಲೋಟ.

“ತಲೆ ನೋಯದೆ ಇನ್ನೇನು ಮಾಡುತ್ತೆ ಹೇಳು ಮತ್ತೆ?” ಅಂದರು ಡಾಕ್ಟರಮ್ಮ. “ಮುಖ್ಯವಾಗಿ ಹೊಟ್ಟೆ ಖಾಲಿ ಬಿಡಬೇಡ. ನೋವು ಶುರುವಾಗುತ್ತಿದ್ದ ಹಾಗೇ ಈ ಮಾತ್ರೆ ನುಂಗಿ ಕತ್ತಲಲ್ಲಿ ಮಲಗು. ಯಾವ ದಿನ ಬಂತು ಅಂತ ಗುರುತು ಮಾಡಿಡು.”

ಮಾನಸ ಕ್ಯಾಲೆಂಡರಿನ ಮೇಲೆ ಸುನ್ನೆ ಸುತ್ತಿದಳು. ಎರಡು ತಿಂಗಳಲ್ಲಿ ಸುನ್ನೆಗಳೆಲ್ಲ ಮಂಗಳವಾರ, ಶುಕ್ರವಾರಗಳ ಮೇಲೇ ಬಂದು ಕೂತಿದ್ದವು. ಆ ಎರಡು ದಿನ ಅವಳಿಗೆ ಒಪ್ಪತ್ತು. ಸೊಸೆಯ ತಲೆನೋವು ಹೋಗಲೆಂದು ಅತ್ತೆ ಸರಸಮ್ಮ ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದಳು: ಸಂಜೆ ದೀಪ ಹಚ್ಚುವವರೆಗೂ ಸೊಸೆ ತುತ್ತು ಮುಟ್ಟುವುದಿಲ್ಲ ಅಂತ. ಹರಕೆ ಅತ್ತೆಯದು, ಹೊಟ್ಟೆ ಸೊಸೆಯದು.

ಮಾನಸ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ಅತ್ತೆಯ ಮುಂದೆ ಹಿಡಿದಳು. “ನೋಡಿ ಅತ್ತೆ. ಒಪ್ಪತ್ತಿದ್ದ ದಿನಾನೇ ನೋವು ಬಂದೈತೆ.”

“ಅದೇ ಮತ್ತೆ!” ಅಂದಳು ಸರಸಮ್ಮ. “ಅಮ್ಮನ ವಾರಾನೇ ನೋಡ್ಕಂಡು ಬತ್ತದೆ ಅಂದ್ರೆ ಅಮ್ಮಂಗೆ ಸಮಾಧಾನ ಆಗಿಲ್ಲ ಅಂತ್ಲೇ ಅರ್ಥ. ಭಾನ್ವಾರನೂ ಒಪ್ಪತ್ತಿರು.”

ಹಸಿವಿನಿಂದ ಬಂದ ನೋವಿಗೆ ಇನ್ನೊಂದು ದಿನದ ಹಸಿವೇ ಮದ್ದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆಯಲ್ಲಾದರೂ ಪ್ರಾಣಿಗಳು ಎರಡಿವೆ. ಈ ಮನೆಯಲ್ಲಿ ಎತ್ತೂ ತಾನೇ, ಎಮ್ಮೆಯೂ ತಾನೇ ಎಂದು ಮಾನಸ ಹಲ್ಲು ಕಚ್ಚಿದಳು. ಕದ್ದು ತಿನ್ನಬಹುದಿತ್ತು. ಆದರೆ ಫ್ಯಾಕ್ಟರಿಯಲ್ಲಿ ಅವಳ ಪಕ್ಕದ ಮೆಷಿನ್ನಿನಲ್ಲೇ ಊರಿನ ದಿವ್ಯ ಇದ್ದಳು. ಅವಳ ಬಾಯಿಗೆ ಬಿದ್ದದ್ದು ಬಸ್ಸಿಗಿಂತ ಮುಂಚೆ ಮನೆ ಸೇರುತ್ತಿತ್ತು.

ಮುಂದಿನ ಶುಕ್ರವಾರ ಮೊದಲ ಶಿಫ್ಟ್ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ಉರಿಬಿಸಿಲು ಹೊತ್ತು ಬಂದವಳು ಹಿತ್ತಲಲ್ಲಿ ವಾಂತಿ ಮಾಡಿಕೊಂಡು ಗೋಡೆಗೊರಗಿ ಕೂತುಬಿಟ್ಟಳು. ಕಣ್ಣು ಬಿಟ್ಟರೆ ಬೆಳಕು ಚುಚ್ಚುತ್ತಿತ್ತು. ಬೀರೇಶ್ ನೋಡಿದ. ಮಾತ್ರೆ ತರುವ ಬದಲು ದೊಡ್ಡಪ್ಪ ಹೊನ್ನಯ್ಯನನ್ನು ಕರೆತಂದ.

ಹೊನ್ನಯ್ಯ ಕುರಿಗೆ ಬರೆ ಹಾಕುವುದರಲ್ಲಿ ಸುತ್ತೇಳು ಹಳ್ಳಿಗೆ ಹೆಸರಾದವನು. ಬದುಕಿದ ಕುರಿ ಅವನ ಬರೆಯಿಂದ ಬದುಕುತ್ತಿತ್ತು, ಸತ್ತ ಕುರಿ ತನ್ನ ಹಣೆಬರಹದಿಂದ ಸಾಯುತ್ತಿತ್ತು. ಹೀಗಾಗಿ ಅವನ ವೈದ್ಯಕ್ಕೆ ಸೋಲೆಂಬುದೇ ಇರಲಿಲ್ಲ. ಬಂದವನೇ ಕುಡುಗೋಲಿನ ತುದಿಯನ್ನು ನೀರೊಲೆಯ ಕೆಂಡದಲ್ಲಿ ಇಟ್ಟ. ಬೀರೇಶ್ ಹೆಂಡತಿಯ ಹೆಗಲು ಒತ್ತಿ ಹಿಡಿದ.

“ನಾನು ಕುರಿ ಅಲ್ಲ ದೊಡ್ಮಾವ, ಬಿಟ್ಬುಡಿ!” ಮಾನಸ ಕೊಸರಾಡಿದಳು. ಕೈಯಲ್ಲಿ ಬಲವೇ ಇರಲಿಲ್ಲ. ಇವರು ಹಣೆ ಸುಡುವುದು ಖಂಡಿತ ಎಂದು ಗೊತ್ತಾಗಿ ಅವಳಿಗೆ ಜೀವಮಾನದಲ್ಲೇ ಆಗದಷ್ಟು ಹೆದರಿಕೆಯಾಯಿತು.

“ಒಸಿ ತಡ್ಕೋ ಕಣವ್ವ,” ಅಂದ ಹೊನ್ನಯ್ಯ. “ಬೇಕಾದ್ರೆ ನಿಮ್ಮತ್ತೇನೇ ಕೇಳು. ನಿನ್ ವಯಸ್ನಾಗೆ ಅವ್ಳೂ ಹಿಂಗೇ ಒದ್ದಾಡೋಳು. ಎರಡು ಬರೆ ಎಳ್ದೆ ನೋಡು, ಅವತ್ತಿಂದ ಇವತ್ತಿನ ಗಂಟ ತಲೆನೋವು ಅಂತ ಒಂದ್ ಮಾತಾಡಿಲ್ಲ.”

ಮಾನಸ ತಲೆಯೆತ್ತಿದಳು. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ಇದು ಅವಳಿಗೆ ಗೊತ್ತಿರಲಿಲ್ಲ; ಅತ್ತೆಯ ಹಣೆಯಂಚಿನ ಎರಡು ಕಲೆ ಯಾವುದೋ ಹಳೇ ಗಾಯದ್ದೆಂದುಕೊಂಡಿದ್ದಳು. ಸರಸಮ್ಮ ಬಾಗಿಲಲ್ಲಿ ನಿಂತಿದ್ದಳು. ಭಾವನೆದುರು ಯಾವತ್ತೂ ದನಿ ಎತ್ತದವಳು ಮೆಲ್ಲಗೆ ಬಂದು, ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ಒಲೆಗೆ ಸುರಿದಳು. ಬೂದಿ ಹಾರಿ ಹೊನ್ನಯ್ಯನ ಮುಖಕ್ಕೆ ಬಡಿಯಿತು.

“ಮಾತಾಡಿಲ್ಲ ಭಾವ,” ಅಂದಳು. “ಮಾತಾಡಿದ್ರೆ ಮೂರನೇದು ಎಳೀತಿದ್ರಿ.”

ಬೀರೇಶ್ ಹೆಗಲು ಬಿಟ್ಟ. ಕಾಲ ಕೆಟ್ಟೋಯ್ತು ಎಂದು ಗೊಣಗುತ್ತ ಹೊನ್ನಯ್ಯ ಕುಡುಗೋಲು ಎತ್ತಿಕೊಂಡು ಹೋದ.

ಸರಸಮ್ಮ ಮಾತ್ರೆಯನ್ನೂ ಮಜ್ಜಿಗೆ ಬೆರೆಸಿದ ಅಂಬಲಿಯನ್ನೂ ತಂದು ಮುಂದಿಟ್ಟಳು. ಸಂಜೆಗಿನ್ನೂ ಹೊತ್ತಿತ್ತು. ಮಾನಸಳಿಗೆ ಕನಿಕರ ಬರಲಿಲ್ಲ, ಮೈಯೆಲ್ಲ ಸಿಟ್ಟೇ ಬಂತು. “ಎಲ್ಲಾ ಗೊತ್ತಿದ್ದೂ ನನ್ನ ಯಾಕೆ ಉಪಾಸ ಕೆಡವಿದ್ರಿ?”

“ಬೀರ ಬರೆ ಹಾಕ್ಸಣ ಅಂತ ಬಾಯ್ಬಿಟ್ಟ ದಿನಾನೇ ಹರಕೆ ಕಟ್ಕಂಡೆ ಕಣೆ. ಅಮ್ಮ ನೋಡ್ಕತಾ ಅವ್ಳೆ ಅಂದ್ರೆ ಭಾವ ಇತ್ಲಾಗೆ ಬರಕ್ಕಿಲ್ಲ ಅಂತ. ಇನ್ನೇನ್ ಹೇಳಿದ್ರೂ ಈ ಗಂಡಸ್ರು ಕೇಳ್ತಿದ್ರಾ?”

ಮಾನಸ ಎತ್ತಿದ ಲೋಟವನ್ನು ಕೆಳಗಿಟ್ಟಳು. ಮನೆಯವರನ್ನೆಲ್ಲ ದಡ್ಡರೆಂದು ಎಣಿಸಿದ್ದ ತನ್ನ ಜಾಣತನದ ಮೇಲೆ ಅವಳಿಗೆ ಅಸಹ್ಯವಾಯಿತು.

“ಈಗ್ಲೂ ಬತ್ತದಾ ಅತ್ತೆ?”

ಸರಸಮ್ಮ ಸೆರಗಿನಿಂದ ಹಣೆಯ ಪಕ್ಕ ಒತ್ತಿಕೊಂಡಳು. “ಬೆಳಗ್ಗೆಯಿಂದ ಐತೆ. ನೀನು ಮೊದ್ಲು ಕುಡಿ.”